ಬೋರಿನ ಆಳ ಕೇಳಿದ ಮೇಡಂ

ಹೋದ ತಿಂಗಳು ಬೆಂಗಳೂರಿನಿಂದ ಒಂದು ಫೋನು ಬಂತು. ಮಾತಾಡಿದವರು ಮೇಡಂ ಅವರ ಶಿಷ್ಯೆಯಂತೆ. ಈಗ ತಾವೇ ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ. ಮೇಡಂ ನಿವೃತ್ತರಾಗುತ್ತಿದ್ದಾರೆ, ಅವರನ್ನು ಬಲ್ಲವರು ಬರೆದದ್ದನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಿದ್ದೇವೆ, ನೀವೂ ನಾಲ್ಕು ಪುಟ ಬರೆದುಕೊಡಿ ಎಂದರು. ನಾನು ಮೋಟಾರು ರಿಪೇರಿಯವನು, ಬರೆಯುವುದು ನನ್ನ ಕಸುಬಲ್ಲ ಎಂದೆ.

"ನಿಮ್ಮ ಹೆಸರು ಹೇಳಿದ್ದು ಅವರೇ," ಎಂದರು ಆಕೆ.

ಅಲ್ಲಿಗೆ ನನಗೆ ಅನುಮಾನ ಶುರುವಾಯಿತು. ಹೊಗಳುವವರು ಬೇಕಾದಷ್ಟು ಜನ ಇರುವಾಗ ನನ್ನ ಹೆಸರನ್ನೇ ಯಾಕೆ ಹೇಳಿದರು? ಈ ಮನುಷ್ಯ ಏನು ಬರೆಯುತ್ತಾನೆ, ಏನು ನುಂಗುತ್ತಾನೆ ನೋಡೋಣ ಎಂದೇ ಹೇಳಿರಬೇಕು. ಹಾಗಾಗಿ ಯಾವುದನ್ನೂ ನುಂಗದೆ ಬರೆಯಲು ಕೂತಿದ್ದೇನೆ.

ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಎಷ್ಟೋ ಮನೆಗಳಲ್ಲಿ ಅವರು ಕೂತು ಬರೆದುಕೊಂಡರು. ಅಚ್ಚಾಗಿ ಬಂದ ವರದಿಯಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಕೇಳಿದ್ದಕ್ಕೆ, "ಹೆಸರು ಹಾಕಿದರೆ ಮನುಷ್ಯ ಸಿಕ್ಕಿಹಾಕಿಕೊಳ್ತಾನೆ, ವಿಷಯ ತಪ್ಪಿಸಿಕೊಳ್ಳುತ್ತೆ," ಎಂದಿದ್ದರು. ಅವರ ಪದ್ಧತಿಯನ್ನು ಅವರಿಗೇ ಹಚ್ಚಿದ್ದೇನೆ. ಮಿಕ್ಕವರ ಹೆಸರುಗಳನ್ನು ಬದಲಿಸಿದ್ದೇನೆ. ಸಂಗತಿ ನಡೆದ ಊರಿನ ಹೆಸರನ್ನೂ ಹೇಳುವುದಿಲ್ಲ.

ಆಗ ನನ್ನ ಅಂಗಡಿ ಪಂಚನಹಳ್ಳಿಯಲ್ಲಿತ್ತು. ಆ ಕಡೆಯ ತೆಂಗಿನ ತೋಟಗಳು ಬದುಕಿರುವುದೇ ಬೋರುಗಳ ಮೇಲೆ. ಒಳಗಿನ ಮೋಟಾರು ಸುಟ್ಟರೆ ಪೈಪುಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ, ಮೋಟಾರು ಬಿಚ್ಚಿ ತಂದು ನನ್ನ ಮುಂದೆ ಇಡುತ್ತಿದ್ದರು. ನಾನು ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ನಾನೇ ಹೋಗಿ ಬೋರಿಗೆ ಇಳಿಸಿ ಬರುತ್ತಿದ್ದೆ. ಯಾರ ಬೋರಿಗೆ ಎಷ್ಟು ಪೈಪು ಇಳಿಸಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಡುವುದು ನನ್ನ ಅಭ್ಯಾಸ. ಮುಂದಿನ ಸಲ ಎತ್ತುವಾಗ ಕೈಗೆ ಅಂದಾಜು ಸಿಗುತ್ತದೆ.

ಒಂದು ಬೇಸಿಗೆಯ ಬೆಳಿಗ್ಗೆ ಕಡೂರಿನ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ನೇರ ನನ್ನ ಅಂಗಡಿಯ ಮುಂದೆ ಬಂದು ನಿಂತರು. ನಲವತ್ತೈದರ ಆಸುಪಾಸು, ಹತ್ತಿ ಸೀರೆ, ಹೆಗಲಿಗೆ ಬಟ್ಟೆ ಚೀಲ, ಕೈಗೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ನಾನು ತಂತಿ ಸುತ್ತುತ್ತಿದ್ದೆ. ಅವರು ಸುಮ್ಮನೆ ನೋಡುತ್ತ ನಿಂತರು. ಏನು ಬೇಕು ಎಂದರೆ, "ನೀವು ಮುಗಿಸಿ," ಎಂದರು. ಮುಗಿಸುವವರೆಗೂ ನಿಂತೇ ಇದ್ದರು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಕರಕಲು ತಂತಿಯ ಗುಪ್ಪೆಯನ್ನು ಕೈಗೆತ್ತಿಕೊಂಡು ಕೇಳಿದರು:

"ಇದು ಯಾಕೆ ಸುಟ್ಟಿತು?"

"ವೋಲ್ಟೇಜು ಸರಿ ಇಲ್ಲ ಕಣಮ್ಮ ಈ ಕಡೆ."

"ವೋಲ್ಟೇಜಿಂದ ಸುಟ್ಟಿದ್ದಾ, ನೀರಿಲ್ಲದೆ ಒಣಗಿ ಓಡಿ ಸುಟ್ಟಿದ್ದಾ?"

ನಾನು ತಲೆ ಎತ್ತಿ ನೋಡಿದೆ. ಆ ಮೋಟಾರು ಒಣಗಿಯೇ ಸುಟ್ಟಿತ್ತು. ಅದನ್ನು ಅದರ ಯಜಮಾನನಿಗೇ ನಾನು ಹೇಳಿರಲಿಲ್ಲ. ತನ್ನ ಬೋರು ಬತ್ತಿದೆ ಅನ್ನುವುದು ಯಾರಿಗೂ ಇಷ್ಟವಾಗುವ ಮಾತಲ್ಲ. ವೋಲ್ಟೇಜಿನ ಮೇಲೆ ಹಾಕಿದರೆ ಎಲ್ಲರಿಗೂ ಸಮಾಧಾನ. ಪೇಟೆಯ ಹೆಂಗಸಿಗೆ ಇದು ಹೇಗೆ ಗೊತ್ತು? ಕರೆಂಟ್ ಆಫೀಸಿನವರೇ ಇರಬೇಕು, ಬೋರುಗಳಿಗೆ ಮೀಟರು ಕೂರಿಸಲು ಬಂದಿದ್ದಾರೆ ಎಂದುಕೊಂಡೆ.

ನಾನು ಬೆಂಗಳೂರಿನವಳು, ಸಮಾಜ ವಿಜ್ಞಾನ ಓದಿದವಳು, ಮಳೆಯ ಲೆಕ್ಕ ತಪ್ಪಿದ ಕಡೆಗಳಲ್ಲಿ ಜನ ನೀರನ್ನು ಹೇಗೆ ಹಂಚಿಕೊಂಡು ಬದುಕುತ್ತಾರೆ ಎಂದು ತಿಳಿಯಲು ಬಂದಿದ್ದೇನೆ ಎಂದರು. ಎಲ್ಲರೂ ನೀರಿನ ಇಂಜಿನಿಯರರನ್ನು ಕೇಳುತ್ತಾರೆ, ರೈತರನ್ನು ಕೇಳುತ್ತಾರೆ, ಮೋಟಾರು ಎತ್ತಿ ಇಳಿಸುವವರನ್ನು ಯಾರೂ ಕೇಳುವುದಿಲ್ಲ. ಭೂಮಿಯ ಕೆಳಗೆ ನೀರು ಎಲ್ಲಿದೆ ಅನ್ನುವುದು ನಿಜವಾಗಿ ಗೊತ್ತಿರುವುದು ನಿಮಗೆ ಎಂದರು. ಇಂಥ ಮಾತಿಗೆ ಬೀಗಬೇಕಿತ್ತು. ನನಗೆ ಹೆದರಿಕೆಯಾಯಿತು.

ವಾರಕ್ಕೆ ಮೂರು ದಿನ ಬರತೊಡಗಿದರು. ಕಡೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಮಾಡಿಕೊಂಡಿದ್ದರು. ಅವರು ಯಾರು ಅನ್ನುವ ಬಗ್ಗೆ ನನ್ನ ಅಂಗಡಿಯ ಬೆಂಚಿನ ಮೇಲೆ ವಾರಕ್ಕೊಂದು ತೀರ್ಮಾನವಾಗುತ್ತಿತ್ತು. ಸೋಲಾರು ಕಂಪನಿಗೆ ಜಮೀನು ನೋಡಲು ಬಂದಿದ್ದಾರೆ ಎಂದು ಒಬ್ಬ. ಇನ್ನು ಮೇಲೆ ಬೋರು ಕೊರೆಯಕೂಡದು ಎಂದು ಆರ್ಡರು ತರುತ್ತಾರೆ ಎಂದು ಇನ್ನೊಬ್ಬ. ನಾನು ಎಲ್ಲವನ್ನೂ ಒಂದೊಂದು ವಾರ ನಂಬಿದೆ. ನನ್ನ ಹೆಂಡತಿ ಲಲಿತೆಗೆ ಬೇರೆಯದೇ ದೂರು. "ನಮ್ಮನೆ ನೀರಿನ ಡ್ರಮ್ಮಿಗೆ ಕೋಲು ಬಿಟ್ಟು ಅಳೆದ್ರು ಕಣ್ರೀ ಆಯಮ್ಮ. ಇದು ಎಷ್ಟು ದಿನಕ್ಕೆ ಅಂತಾರೆ. ಮೂರು ದಿನಕ್ಕೆ ಅಂದೆ. ಹಂಗಾದ್ರೆ ಬಟ್ಟೆ ಒಗೆಯೋ ದಿನ ಸ್ನಾನ ಬಿಡ್ತೀರಾ ಅಂತ ಕೇಳಿದ್ರು. ನಂಗೆ ನಾಚ್ಕೆ ಆಗ್ಬಿಡ್ತು."

ಒಂದು ದಿನ ಮಾತಿನ ನಡುವೆ ತಮ್ಮ ತಾಯಿಯ ತವರು ಅಮೃತಾಪುರ ಎಂದರು. ಇದು ಸುಳ್ಳು ಎಂದು ನನಗೆ ಖಾತ್ರಿಯಾಯಿತು. ಈ ಕಡೆಯವರ ನಂಬಿಕೆ ಗಳಿಸಬೇಕಾದರೆ ಎಲ್ಲರೂ ಒಂದು ತವರು ಹುಟ್ಟಿಸಿಕೊಳ್ಳುತ್ತಾರೆ. ಒಂದು ಸೋಮವಾರ ಅಂಗಡಿ ಮುಚ್ಚಿ, ಕಡೂರಿಗೆ ಹೋಗಿ, ಬೀರೂರಿನ ಮೇಲೆ ತರೀಕೆರೆ ಬಸ್ಸು ಹಿಡಿದು, ಅಲ್ಲಿಂದ ಅಮೃತಾಪುರಕ್ಕೆ ಹೋದೆ. ದೇವಸ್ಥಾನದ ಹತ್ತಿರದ ಟೀ ಅಂಗಡಿಯಲ್ಲಿ ಕೂತು, ಬೆಂಗಳೂರಿನಲ್ಲಿ ಮೇಡಂ ಆಗಿರುವ ಇಂಥ ಹೆಂಗಸಿನ ತಾಯಿ ಈ ಊರಿನವರೇನು ಎಂದು ವಿಚಾರಿಸಿದೆ. ಟೀ ಕೊಡುತ್ತಿದ್ದಾತ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ.

"ನೀವ್ ಯಾವ ಇಲಾಖೆಯೋರು?"

"ಇಲಾಖೆ ಇಲ್ಲಪ್ಪ, ಪಂಚನಹಳ್ಳಿಯೋನು. ಮೋಟ್ರು ರಿಪೇರಿಯೋನು."

"ಮೋಟ್ರು ರಿಪೇರಿಯೋನು ಪಂಚನಹಳ್ಳಿಯಿಂದ ಇಲ್ಲೀಗಂಟ ಬಂದು ಒಬ್ರ ತವರು ಕೇಳ್ತಾನಾ? ಏನ್ ಸಮಾಚಾರ ಹೇಳಿ."

ಅಷ್ಟರಲ್ಲಿ ನಾಲ್ಕು ಜನ ಸೇರಿದರು. ನನ್ನ ಫೋನ್ ನಂಬರು ತೆಗೆದುಕೊಂಡರು. ಕೊನೆಗೆ ಒಬ್ಬ ಮುದುಕಿ, ಆ ಹೆಂಗಸಿನ ಅಜ್ಜನ ಮನೆ ಇಲ್ಲಿತ್ತು, ಅವರು ಎಂದೋ ಮಾರಿಕೊಂಡು ಹೋದರು, ಮೊಮ್ಮಗಳು ಹೋದ ತಿಂಗಳು ಬಂದು ಕಾಲುವೆ ನೀರು ಯಾರ ಗದ್ದೆಗೆ ಮೊದಲು ಬರುತ್ತೆ ಎಂದು ಕೇಳಿ ಹೋದಳು ಎಂದಳು. ನಾನು ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದೆ. ಮೇಡಂ ಹೇಳಿದ್ದು ನಿಜವಾಗಿತ್ತು. ಆದರೂ ನನ್ನ ಅನುಮಾನ ಹೋಗಲಿಲ್ಲ. ಇದೊಂದು ನಿಜ ಹೇಳಿ ಬೇರೆ ಏನನ್ನೋ ಮುಚ್ಚುತ್ತಿದ್ದಾರೆ ಎಂದು ಯೋಚಿಸಿದೆ.

ಅನುಮಾನದಲ್ಲಿ ಅವರು ನನಗಿಂತ ಒಂದು ಕೈ ಮೇಲೇ. ಯಾರು ಏನು ಹೇಳಿದರೂ ಬರೆದುಕೊಳ್ಳುತ್ತಿದ್ದರು, ನಂಬುತ್ತಿರಲಿಲ್ಲ. ಅದೇ ಪ್ರಶ್ನೆಯನ್ನು ಒಂದು ತಿಂಗಳು ಬಿಟ್ಟು, ಬೇರೆ ಮಾತಿನ ನಡುವೆ, ಮತ್ತೆ ಕೇಳುತ್ತಿದ್ದರು. "ಮೊದಲನೇ ಉತ್ತರ ನೆಂಟರಿಗೆ ಅಂತ ಇಟ್ಟಿರೋದು," ಅನ್ನುತ್ತಿದ್ದರು. ಎದುರಿಗಿದ್ದವರು ಸುಳ್ಳು ಹೇಳುತ್ತಿದ್ದಾರೆ ಎಂದು ಅನ್ನಿಸಿದರೆ ವಾದ ಮಾಡುತ್ತಿರಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿ, ಕೇಳಿಸಿಕೊಳ್ಳುತ್ತಾ ಕೂತಿರುತ್ತಿದ್ದರು. ಕ್ಯಾಪು ಹಾಕಿದ ಸದ್ದು ಕೇಳಿದರೆ ಎಷ್ಟೋ ಜನಕ್ಕೆ ಮಾತು ತಡವರಿಸುತ್ತಿತ್ತು.

ಆದರೂ ನಿಧಾನವಾಗಿ ನಾನು ಅವರ ಜೊತೆ ಓಡಾಡತೊಡಗಿದೆ. ಅವರಿಗೆ ಬೋರುಗಳ ಭಾಷೆ ಗೊತ್ತಾಗುತ್ತಿರಲಿಲ್ಲ, ಕೆಲವರು ಬೇಕೆಂದೇ ಅರ್ಥವಾಗದ ಹಾಗೆ ಮಾತಾಡುತ್ತಿದ್ದರು. ನಾನು ಬಿಡಿಸಿ ಹೇಳುತ್ತಿದ್ದೆ. ಒಮ್ಮೆ ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವವರ ಹತ್ತಿರ ಕರೆದುಕೊಂಡು ಹೋದರು. ಅಲ್ಲೊಬ್ಬ ಹಿರಿಯರು, ಎಲ್ಲಾ ಮಳೆಯಿಂದಲೇ ಕೆಟ್ಟಿದ್ದು, ಮುಂಗಾರು ಮೊದಲಿನ ಹಾಗಿಲ್ಲ, ಇದರಲ್ಲಿ ಮನುಷ್ಯರ ಕೈವಾಡ ಏನಿದೆ ಎಂದರು. ಮೇಡಂ ಒಪ್ಪಿದರು. ಮಳೆ ಬದಲಾಗಿದೆ ಎಂದರು. ಆಮೇಲೆ ಮೆಲ್ಲಗೆ ಹೇಳಿದರು:

"ಮಳೆ ಹೋದರೆ ಎಲ್ಲರಿಗೂ ಒಟ್ಟಿಗೇ ಹೋಗುತ್ತೆ ಯಜಮಾನರೇ. ಆದರೆ ನಲ್ಲಿ ಮೊದಲು ಯಾರ ಮನೇಲಿ ನಿಲ್ಲುತ್ತೆ? ಅದನ್ನ ಮಳೆ ತೀರ್ಮಾನ ಮಾಡಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರಿಂದ ಎರಡು ಸೀಟು ಹಿಂದೆ ಹೋಗಿ ಕೂತೆ. ಯಾಕೆಂದರೆ ಆ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಒಂದು ಸಂಗತಿ ಕೂತಿತ್ತು.

ಪಂಚನಹಳ್ಳಿಯಿಂದ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಒಂದು ಊರು. ಅಲ್ಲಿ ಚಂದ್ರಣ್ಣ ಎಂಬುವರ ತೆಂಗಿನ ತೋಟ ಎಲ್ಲರಿಗಿಂತ ದೊಡ್ಡದು. ಪಂಚನಹಳ್ಳಿಯಲ್ಲಿ ನನ್ನ ಅಂಗಡಿ ಇದ್ದ ಕಟ್ಟಡವೂ ಅವರದ್ದೇ. ನನ್ನ ಕೆಲಸದಲ್ಲಿ ಅರ್ಧ ಪಾಲು ಅವರ ಮತ್ತು ಅವರ ನೆಂಟರ ಮೋಟಾರುಗಳದ್ದು. ಅವರ ತೋಟದ ಮೂಲೆಗೆ ಅಂಟಿಕೊಂಡಂತೆ ಊರಿನ ಕುಡಿಯುವ ನೀರಿನ ಪಂಚಾಯ್ತಿ ಬೋರು ಇತ್ತು. ಅದರ ನೀರು ಓವರ್‌ಹೆಡ್ ಟ್ಯಾಂಕಿಗೆ ಏರಿ, ಊರಿಗೆಲ್ಲ ಹರಿದು, ಕೊನೆಗೆ ಊರಾಚೆಯ ಕಾಲೋನಿಯ ನಲ್ಲಿಗೆ ಬರಬೇಕು. ಕುಡಿಯುವ ನೀರಿನ ಬೋರಿನ ಪಕ್ಕದಲ್ಲಿ ಯಾರೂ ಬೋರು ಕೊರೆಯಬಾರದು ಅನ್ನುವುದು ಕಾನೂನು. ಆ ಶ್ರಾವಣದಲ್ಲಿ ಚಂದ್ರಣ್ಣ ಹಳೆಯ ಬೋರಿನ ಹೂಳು ತೆಗೆಯಲು ಫ್ಲಶಿಂಗ್ ಮಾಡಿಸುತ್ತಿದ್ದೇನೆ ಎಂದು ಹೇಳಿ ರಾತ್ರೋರಾತ್ರಿ ಲಾರಿ ತರಿಸಿ ಅದೇ ಮೂಲೆಯಲ್ಲಿ ಹೊಸದನ್ನೇ ಕೊರೆಸಿದರು. ಬೆಳಕು ಹರಿಯುವ ಹೊತ್ತಿಗೆ ಮೋಟಾರು ಇಳಿಸಿದವನು ನಾನು. ನಲವತ್ತಾರು ಪೈಪು ಇಳಿಸಿದೆ. ಪಂಚಾಯ್ತಿ ಬೋರಿನ ಎರಡರಷ್ಟು ಆಳ, ಅದರ ನೀರನ್ನೂ ಎಳೆದುಕೊಳ್ಳುವಷ್ಟು.

"ಬಾಯಿ ಬಿಡಬ್ಯಾಡ ಕಣೋ ಶಿವ," ಎಂದರು ಚಂದ್ರಣ್ಣ. "ನಿಂಗೂ ಒಳ್ಳೇದು."

ಕಾರ್ತಿಕದ ಹೊತ್ತಿಗೆ ಕಾಲೋನಿಯ ನಲ್ಲಿಯಲ್ಲಿ ನೀರು ಬೆರಳಿನ ದಪ್ಪಕ್ಕೆ ಇಳಿಯಿತು. ಸಂಕ್ರಾಂತಿಗೆ ನಿಂತೇ ಹೋಯಿತು. ಅಲ್ಲಿನ ರಂಗಮ್ಮ ಎಂಬುವರು ಮೇಡಂಗೆ ಬಹಳ ಬೇಕಾದವರು. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದ ಆಕೆ, ಯಾವ ದಿನ ಎಷ್ಟು ಕೊಡ ಸಿಕ್ಕಿತು ಎಂದು ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿಡುತ್ತಿದ್ದರು. ಮೇಡಂ ಆ ಗೋಡೆಯ ಮುಂದೆ ಒಂದು ಮಧ್ಯಾಹ್ನವೆಲ್ಲ ಕೂತು ಬರೆದುಕೊಂಡರು. ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು.

"ಶಿವಣ್ಣ, ಶ್ರಾವಣದಿಂದ ಕಾರ್ತಿಕದೊಳಗೆ ಆ ಊರಲ್ಲಿ ಹೊಸ ಮೋಟಾರು ಇಳಿಸಿದ್ದೀರಾ?"

"ಇಲ್ಲ ಮೇಡಂ."

"ನಿಮ್ಮ ನೋಟ್‌ಬುಕ್ ನೋಡಬಹುದಾ?"

ಹಿಂದೆಯೂ ಒಂದೆರಡು ಸಲ ತೋರಿಸಿದ್ದೆ. ಇಲ್ಲ ಅನ್ನಲಾಗಲಿಲ್ಲ. ಕೊಟ್ಟೆ. ಅವರು ತಿರುವುತ್ತಾ ಹೋಗಿ ಒಂದು ಕಡೆ ನಿಂತರು.

"ಇಲ್ಲಿ ಒಂದು ಹಾಳೆ ಇಲ್ಲವಲ್ಲ?"

"ಇಲಿ ಕಾಟ ಮೇಡಂ. ಕಡಿದುಹಾಕ್ಬಿಟ್ಟಿದೆ."

"ಇಲಿ ಇಷ್ಟು ನೇರವಾಗಿ ಕಡಿಯುತ್ತಾ?"

ಅವರು ಪೆನ್ನಿಗೆ ಕ್ಯಾಪು ಹಾಕಿದರು. ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಬೈದಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ. ಈ ಹೆಂಗಸಿಗೆ ಎಲ್ಲಾ ಗೊತ್ತಾಗಿದೆ, ನಾಳೆಯೇ ಹೋಗಿ ಕಂಪ್ಲೇಂಟ್ ಕೊಡುತ್ತಾರೆ, ಚಂದ್ರಣ್ಣನ ಜೊತೆ ನಾನೂ ಸಿಕ್ಕಿಬೀಳುತ್ತೇನೆ ಎಂದು ಆ ವಾರವೆಲ್ಲ ಬೆಂದೆ.

ಮುಂದೆ ಮಾಡಿದ್ದನ್ನು ನಾನು ಈವರೆಗೆ ಬರೆದಿಲ್ಲ. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರಿಗೆ, ಯಾರಿಗೂ ಹೇಳಬೇಡಿ ಎಂದು ಹೇಳಿ, ಒಂದು ಮಾತು ಬಿಟ್ಟೆ. ಮೇಡಂ ಹತ್ತಿರ ಎಲ್ಲರ ಬೋರುಗಳ ಪಟ್ಟಿ ಇದೆ, ಯಾರದ್ದು ಅಕ್ರಮ ಕನೆಕ್ಷನ್ ಎಂದೂ ಬರೆದುಕೊಂಡಿದ್ದಾರೆ, ಅದನ್ನು ಕರೆಂಟ್ ಆಫೀಸಿಗೆ ಕೊಡುತ್ತಾರೆ. ಯಾರಿಗೂ ಹೇಳಬೇಡಿ ಎಂದ ಮಾತು ಬಸ್ಸಿಗಿಂತ ಬೇಗ ಆ ಊರು ತಲುಪಿತು.

ಅವರದ್ದೊಂದು ಕ್ರಮವಿತ್ತು. ಒಂದು ಊರಿನಲ್ಲಿ ಕೇಳಿದ್ದನ್ನೆಲ್ಲ ಅದೇ ಊರಿನವರನ್ನು ಸೇರಿಸಿ ಓದಿ ಹೇಳುತ್ತಿದ್ದರು. ತಪ್ಪಿದ್ದರೆ ತಿದ್ದಿ ಎನ್ನುತ್ತಿದ್ದರು. ಆ ಊರಿನ ಶಾಲೆಯ ಜಗಲಿಯ ಮೇಲೆ ಸಭೆ ಸೇರಿತು. ಓದಲು ಬಿಡಲೇ ಇಲ್ಲ. "ಪಟ್ಟಿ ಯಾರಿಗೆ ಕೊಡ್ತೀರಿ, ಅದ್ ಹೇಳಿ ಮೊದ್ಲು," ಎಂದು ಕೂಗಿದರು. ಚಂದ್ರಣ್ಣ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ನಗುನಗುತ್ತಾ ಕೂತಿದ್ದರು. ರಂಗಮ್ಮ ಮಾತ್ರ ಎದ್ದು, "ನಮ್ ನಲ್ಲಿ ವಿಷ್ಯ ಓದ್ಲಿ ಬುಡ್ರಪ್ಪ, ಆಮೇಲೆ ಜಗಳ ಆಡೀರಂತೆ," ಎಂದರು. ಯಾರೂ ಕೇಳಲಿಲ್ಲ.

ಮೇಡಂ ಗಲಾಟೆ ತಗ್ಗುವವರೆಗೆ ಕಾದು ಹೇಳಿದರು: "ಪಟ್ಟಿ ನನ್ನ ಹತ್ತಿರ ಇದೆ. ಯಾರಿಗೂ ಕೊಟ್ಟಿಲ್ಲ, ಕೊಡೋದೂ ಇಲ್ಲ. ನಂಬಿ ಅಂತ ನಾನು ಕೇಳಲ್ಲ." ಆಮೇಲೆ, "ಈ ಮಾತು ಮೊದಲು ಎಲ್ಲಿಂದ ಬಂತು?" ಎಂದರು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಎಂಟು ದಿನಕ್ಕೆ ಕರೆಂಟಿನವರು ಜೀಪಿನಲ್ಲಿ ಬಂದು ಆ ಊರಿನ ಕೆಲವು ಸಣ್ಣ ರೈತರ ಕನೆಕ್ಷನ್ ಕಿತ್ತುಹಾಕಿದರು. ಚಂದ್ರಣ್ಣನ ತೋಟದ ಕಡೆ ತಿರುಗಿಯೂ ನೋಡಲಿಲ್ಲ. ಪಟ್ಟಿ ಕೊಟ್ಟಿದ್ದು ಮೇಡಂ ಅನ್ನುವುದರಲ್ಲಿ ಇನ್ನು ಯಾರಿಗೂ ಸಂಶಯ ಉಳಿಯಲಿಲ್ಲ. ಆಶ್ಚರ್ಯವೆಂದರೆ, ಸುಳ್ಳು ಹುಟ್ಟಿಸಿದ ನಾನೂ ನಂಬಿಬಿಟ್ಟೆ. ನಾನು ಸುಮ್ಮನೆ ಅಂದದ್ದು ನಿಜವೇ ಆಯಿತಲ್ಲ, ಅಂತೂ ನನ್ನ ಅನುಮಾನ ಸರಿಯಾಗಿತ್ತು ಎಂದು ಹೆಮ್ಮೆಯೂ ಪಟ್ಟೆ.

ಅದಾದ ಮೇಲೂ ಮೇಡಂ ಒಂದು ದಿನ ಬಂದರು. ಪಂಚನಹಳ್ಳಿಯಲ್ಲಿ ಬಸ್ಸು ಇಳಿಯುತ್ತಿದ್ದ ಹಾಗೆ ತಿಮ್ಮಪ್ಪ ಎದುರಿಗೆ ಹೋಗಿ ನಿಂತ. ಕನೆಕ್ಷನ್ ಕಳೆದುಕೊಂಡವರಲ್ಲಿ ಅವನೂ ಒಬ್ಬ; ಒಳ್ಳೆಯವನು, ಅವರನ್ನು ಮನೆಗೆ ಕರೆದು ಊಟ ಹಾಕಿದ್ದವನು. ಬೈಯಲಿಲ್ಲ. ಎರಡೂ ಕೈ ಮುಗಿದ.

"ನಿಮ್ಗೆ ಕೈ ಮುಗೀತೀನಿ ತಾಯಿ. ಇನ್ಮೇಲೆ ನಮ್ಮೂರಿಗೆ ಬರ್ಬ್ಯಾಡಿ."

ಮೇಡಂ ತಾವೂ ಕೈ ಮುಗಿದರು. ಅದೇ ಬಸ್ಸು ತಿರುಗಿ ಹೊರಡುವವರೆಗೆ ರಸ್ತೆಯ ಪಕ್ಕ ಬಿಸಿಲಿನಲ್ಲೇ ನಿಂತಿದ್ದು ಹತ್ತಿ ಹೋದರು. ನನ್ನ ಅಂಗಡಿಯಿಂದ ಎಲ್ಲಾ ಕಾಣುತ್ತಿತ್ತು. ನಾನು ತಂತಿ ಸುತ್ತುತ್ತಲೇ ಇದ್ದೆ.

ಎರಡು ವರ್ಷ ಕಳೆಯಿತು. ಬೇರೆ ಊರಿಗೆ ವರ್ಗವಾಗಿ ಹೊರಟಿದ್ದ ಒಬ್ಬ ಲೈನ್‌ಮ್ಯಾನ್ ತನ್ನ ಮನೆಯ ಮೋಟಾರು ತೆಗೆದುಕೊಂಡು ಹೋಗಲು ಬಂದು, ಬೆಂಚಿನ ಮೇಲೆ ಕೂತು ಹಳೆಯದೆಲ್ಲ ಹೇಳತೊಡಗಿದ. ಆ ಕನೆಕ್ಷನ್ ಕಿತ್ತ ವಿಷಯವೂ ಬಂತು.

"ಆ ಮೇಡಂ ಕೊಟ್ಟ ಪಟ್ಟಿ ಅಲ್ವಾ ಅದು?" ಎಂದೆ.

"ಯಾರಂದೋರು? ಬರೆದು ಕೊಟ್ಟೋರು ನಿಮ್ ಬಿಲ್ಡಿಂಗ್ ಯಜಮಾನ್ರು. ಊರೋರ ಸಿಟ್ಟು ಆಯಮ್ಮನ ಕಡೆ ತಿರುಗ್ಲಿ ಅಂತ. ಆಯಮ್ಮನ್ನ ನಮ್ ಸಾಹೇಬ್ರು ಕರ್ಸಿ ಪಟ್ಟಿ ಕೇಳಿದ್ರು, ನಾನ್ ಬಾಗ್ಲಲ್ಲೇ ನಿಂತಿದ್ದೆ. ಜನ ನನ್ನ ನಂಬಿ ಹೇಳಿದ್ದು, ಕೊಡಲ್ಲ ಅಂದ್ರು. ಹಂಗಂತ ಬರೆದುಕೊಡಿ ನೋಡೋಣ ಅಂತ ಸಾಹೇಬ್ರು ಹೆದರ್ಸಿದ್ರೆ, ಅಲ್ಲೇ ಕೂತು ಬರೆದೇ ಕೊಟ್ಬಿಟ್ರು, ಕೊಡಲ್ಲ ಅಂತ. ಮ್ಯಾಲಿಂದ ಏನಾಯ್ತೋ, ಈ ಕಡೆ ಅವ್ರ ಕೆಲಸಾನೇ ನಿಲ್ಲಿಸ್ಬಿಟ್ರಂತೆ."

ಅವನು ಹೋದ ಮೇಲೆ ನಾನು ಏನೂ ಮಾಡಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಹೇಳಿದೆ ಎಂದು ಬರೆಯಬಹುದು; ಆದರೆ ಮೇಡಂ ಇದನ್ನು ಓದುತ್ತಾರೆ. ಇನ್ನೂ ಒಂದು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದೆ. ಆಮೇಲೆ ಒಂದು ದಿನ ಚಂದ್ರಣ್ಣ, ಅಳಿಯನಿಗೆ ಅಂಗಡಿ ಇಟ್ಟುಕೊಡಬೇಕು, ಜಾಗ ಬಿಡು ಎಂದರು. ಎಷ್ಟು ಬೇಡಿದರೂ ಕೇಳಲಿಲ್ಲ. ಅದಾಗಿ ಹದಿನೈದು ದಿನಕ್ಕೆ ನಾನು ಮೇಡಂ ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಹೊರಟೆ.

ಅವರು ಯಾವುದೋ ಬೇರೆ ಕೆಲಸದ ಮೇಲೆ ಅಜ್ಜಂಪುರಕ್ಕೆ ಬಂದಿದ್ದರು. ಒಂದು ಗೋದಾಮಿನ ಮುಂದೆ ಈರುಳ್ಳಿ ಆರಿಸುತ್ತಿದ್ದ ಹೆಂಗಸರ ನಡುವೆ ಕೂತಿದ್ದರು. ಕೂದಲು ನೆರೆತಿತ್ತು. ನನ್ನನ್ನು ನೋಡಿ ಎದ್ದು ಬಂದು, ಬೇವಿನ ಮರದ ಕೆಳಗೆ ನಿಂತರು. ನಾನು ಎಲ್ಲವನ್ನೂ ಹೇಳಿದೆ. ನಲವತ್ತಾರು ಪೈಪು, ಹರಿದ ಹಾಳೆ, ಬಿಟ್ಟ ಮಾತು. ಹೇಳುತ್ತಾ ಅತ್ತೆ. ಅವರು ಎಲ್ಲವನ್ನೂ ಪೂರ್ತಿ ಹೇಳಲು ಬಿಟ್ಟು ಕೇಳಿದರು:

"ಚಂದ್ರಣ್ಣನ ಜೊತೆ ಜಗಳ ಆಯಿತಾ?"

ಕೆನ್ನೆಗೆ ಹೊಡೆದ ಹಾಗಾಯಿತು. "ಅಂಗಡಿ ಬಿಡಿಸ್ತಾವ್ರೆ," ಎಂದೆ.

"ಹಾಗೆ ಹೇಳಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಗಂತ ನೀವು ಹೇಳಿದ್ದು ಸುಳ್ಳು ಅನ್ನಲ್ಲ. ಆದರೆ ಇದನ್ನ ನನ್ನ ಹತ್ತಿರ ಹೇಳಿ ಏನು ಬಂತು ಶಿವಣ್ಣ? ನೀವು ಹಗುರಾದಿರಿ. ಆ ನಲ್ಲೀಲಿ ನೀರು ಬರುತ್ತಾ?"

ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಹೆಂಗಸರು ಕಾಯುತ್ತಿದ್ದಾರೆ ಎಂದು ಹೋಗಿ ಕೂತರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ದೂರ ಬಂದು ಅತ್ತವನಿಗೆ ಒಂದು ಒಳ್ಳೆಯ ಮಾತೂ ಇಲ್ಲವೇ ಎಂದು ಬೀರೂರಿನವರೆಗೂ ಬೈದುಕೊಂಡೆ. ಬೀರೂರು ದಾಟಿದ ಮೇಲೆ ಬೈಯಲು ಏನೂ ಉಳಿಯಲಿಲ್ಲ.

ಮುಂದಿನ ಗ್ರಾಮಸಭೆಗೆ ಹೋದೆ. ಅದೇ ಶಾಲೆಯ ಜಗಲಿ. ಕುಡಿಯುವ ನೀರಿನ ವಿಷಯ ಬಂದಾಗ, ಎಂದಿನ ಹಾಗೆ, ಮಳೆ ಇಲ್ಲ ಏನು ಮಾಡೋದು ಎಂದರು. ನಾನು ಎದ್ದು ನಿಂತೆ. ಯಾವ ಮೂಲೆ, ಯಾವ ತಿಂಗಳು, ಎಷ್ಟು ಪೈಪು, ಇಳಿಸಿದವನು ನಾನು ಎಂದು ಹೇಳಿದೆ. ಪಟ್ಟಿಯ ಮಾತು ಹುಟ್ಟಿಸಿದ್ದೂ ನಾನೇ, ಕರೆಂಟಿನವರಿಗೆ ಬರೆದದ್ದು ಮೇಡಂ ಅಲ್ಲ ಎಂದೂ ಹೇಳಿದೆ.

"ಲೇ ಶಿವ," ಎಂದರು ಚಂದ್ರಣ್ಣ, "ಅಂಗಡಿ ಬಿಡಿಸಿದ್ದಕ್ಕೆ ಬೊಗಳ್ತಾ ಇದೀಯಾ?"

"ಹೌದು. ಅದಕ್ಕೇ," ಎಂದೆ. "ಬಂದು ಪೈಪ್ ಎಣಿಸ್ಕಳಿ. ನಲವತ್ತಾರಿಲ್ದಿದ್ರೆ ಕೇಳಿ."

ಆಗ ರಂಗಮ್ಮ ಎದ್ದರು. "ಬೋರ್ ವಿಷ್ಯ ನಮ್ಗೆ ಗೊತ್ತಿತ್ತು ಕಣಪ್ಪ. ಬೆಳಿಗ್ಗೆ ಹೊತ್ತು ಅಲ್ಲಿ ಮೋಟ್ರು ಓಡೋ ಸದ್ದು ನಮ್ಮನೇಗೆ ಕೇಳ್ಸುತ್ತೆ. ನಾವ್ ಹೇಳಿದ್ರೆ ಯಾರ್ ಬರ್ಕತಾರೆ? ಇಳಿಸ್ದೋನೇ ಹೇಳ್ಬೇಕಿತ್ತು. ಈಗ ಬರ್ಕಳಿ ಸಾರ್," ಎಂದು ಪಂಚಾಯ್ತಿಯ ಅಧಿಕಾರಿಯ ಮುಂದಿನ ಪುಸ್ತಕಕ್ಕೆ ಬೆರಳು ತೋರಿಸಿದರು. ಬರೆದುಕೊಳ್ಳುವವರೆಗೂ ಅವರು ಕೂರಲಿಲ್ಲ. ಅವರ ಹಿಂದೆ ಕಾಲೋನಿಯ ಹೆಂಗಸರೆಲ್ಲ ನಿಂತಿದ್ದರು.

ತಿಮ್ಮಪ್ಪ ಒಂದೇ ಮಾತು ಹೇಳಿದ. "ಆಯಮ್ಮಂಗೆ ಬರ್ಬ್ಯಾಡಿ ಅಂತ ಕೈ ಮುಗ್ದೋನು ನಾನು. ಆ ಪಾಪಾನ ನನ್ ಕೈಲಿ ಮಾಡ್ಸಿದ್ಯಲ್ಲೋ." ಅವತ್ತಿನಿಂದ ಅವನು ನನ್ನ ಜೊತೆ ಮಾತಾಡುವುದಿಲ್ಲ. ಅದು ನ್ಯಾಯವೇ.

ಬರೆದುಕೊಂಡದ್ದು ಕೆಲಸವಾಗಲು ಬಹಳ ತಿಂಗಳು ಹಿಡಿಯಿತು. ನೋಟಿಸು, ವಿಚಾರಣೆ, ಅಳತೆ. ರಂಗಮ್ಮ ಕಡೂರಿನ ತಾಲ್ಲೂಕು ಆಫೀಸಿನ ಮೆಟ್ಟಿಲು ಎಷ್ಟು ಸಲ ಹತ್ತಿ ಇಳಿದರೋ. ಕೊನೆಗೆ ಆ ಆಳದ ಬೋರನ್ನು ಪಂಚಾಯ್ತಿಗೆ ತೆಗೆದುಕೊಂಡು, ಅಲ್ಲಿಂದ ಟ್ಯಾಂಕಿಗೆ ಪೈಪು ಎಳೆದರು. ನಾನು ಅಂಗಡಿಯನ್ನು ಕಡೂರಿಗೆ ತಂದೆ. ಆ ಕಡೆಯಿಂದ ಮೊದಲಿನಷ್ಟು ಮೋಟಾರು ಬರುವುದಿಲ್ಲ. ಚಂದ್ರಣ್ಣನ ನೆಂಟರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಕಾಲೋನಿಯ ನಲ್ಲಿಗೆ ನೀರು ಬಂದ ದಿನ ಮೇಡಂಗೆ ಫೋನು ಮಾಡಿ ಹೇಳಿದೆ. "ಹೌದಾ," ಎಂದರು, ಅಷ್ಟೆ. ನನಗೆ ಬೇಜಾರಾಯಿತು.

ಮುಂದಿನ ವಾರ ಒಂದು ಸಂಜೆ ನಾನು ಅಂಗಡಿ ಮುಚ್ಚುವ ತಯಾರಿಯಲ್ಲಿದ್ದಾಗ ಪಂಚನಹಳ್ಳಿಯ ಕಡೆಯ ಬಸ್ಸಿನಿಂದ ಅವರು ಇಳಿದರು. ಸೀರೆಯ ಅಂಚಿಗೆ ಕೆಂಪು ಧೂಳು. ಬೆಳಿಗ್ಗೆಯೇ ಬಂದಿದ್ದರಂತೆ. ನನಗೆ ಹೇಳದೆ ನೇರ ಆ ಊರಿಗೆ ಹೋಗಿದ್ದರು. ತಿಮ್ಮಪ್ಪನ ಮನೆಯಲ್ಲಿ ಊಟ ಮಾಡಿದರಂತೆ. ನಲ್ಲಿಗೆ ನೀರು ಬಿಡುವ ಹೊತ್ತಿಗೆ ಕಾಲೋನಿಯಲ್ಲಿ ನಿಂತು, ಗಡಿಯಾರ ನೋಡಿಕೊಂಡು, ಒಂದು ಕೊಡ ತುಂಬಲು ಎಷ್ಟು ಹೊತ್ತಾಗುತ್ತದೆ ಎಂದು ಬರೆದುಕೊಂಡಿದ್ದರು. ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಆಳದ ನೀರು, ಫ್ಲೋರೈಡು ಇದೆಯೋ ಏನೋ ಪರೀಕ್ಷೆ ಮಾಡಿಸಬೇಕು ಎಂದರು. ಈ ಬೋರಾದರೂ ಎಷ್ಟು ವರ್ಷ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ.

ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ಅವರು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದರು. ಇಳಿದವರು ನಿಂತು ತಿರುಗಿ ನನ್ನ ಮುಖ ನೋಡಿದರು.

"ಶಿವಣ್ಣ, ನೀವು ಹೇಳಿದ್ದು ನಿಜ."

ಅಷ್ಟು ವರ್ಷದಲ್ಲಿ ಅವರು ನನಗೆ ಈ ಮಾತು ಹೇಳಿದ್ದು ಅದೊಂದೇ ಸಲ. ಯಾರಿಗಾದರೂ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದೂ ಅದೊಂದೇ ಸಲ.